ಎಣಿಕೆಯೇ ಆರೈಕೆಯಲ್ಲ

ಶ್ರೀರಾಮನಗರದ ಅಕ್ಕಿ ಗಿರಣಿಗಳಲ್ಲಿ ದುಡಿಯುವ ಸದ್ಭಕ್ತರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ದಿನಕ್ಕೆ ಇಷ್ಟು ಚೀಲ ಆಗಲೇಬೇಕೆಂದು ಹಸಿ ಭತ್ತವನ್ನು ಅವಸರದಿಂದ ಒಣಗಿಸಿ ಗಿರಣಿಗೆ ಹಾಕಿದರೆ ಚೀಲದ ಲೆಕ್ಕವೇನೋ ತುಂಬುತ್ತದೆ, ಆದರೆ ಇಡಿಯಕ್ಕಿ ಕಡಿಮೆಯಾಗಿ ನುಚ್ಚು ಹೆಚ್ಚುತ್ತದೆ. ಆದುದರಿಂದ ಅನುಭವಸ್ಥರು ಎಷ್ಟು ಭತ್ತ ಒಳಗೆ ಹೋಯಿತೆಂಬುದರೊಡನೆ ಎಂತಹ ಅಕ್ಕಿ ಹೊರಗೆ ಬಂದಿತೆಂಬುದನ್ನೂ ನೋಡುತ್ತಾರೆ. ಆರೋಗ್ಯ ಸೇವೆಯಲ್ಲಿ ಈ ಎರಡನೆಯ ನೋಟವನ್ನು ನಾವು ಮರೆಯುತ್ತಿದ್ದೇವೆ.

ಆಸ್ಪತ್ರೆಗಳಲ್ಲಿ ಇಂದು ಎಲ್ಲೆಡೆ ಕೇಳಿಬರುವ 'ಟಾರ್ಗೆಟ್' ಎಂಬ ಮಾತು ಉದ್ಯಮಗಳ ನಿರ್ವಹಣಾ ಶಾಸ್ತ್ರದಿಂದ ಬಂದುದು. ಪೀಟರ್ ಡ್ರಕರ್ ಅವರು 1954ರಲ್ಲಿ ಪ್ರಕಟಿಸಿದ 'ದಿ ಪ್ರಾಕ್ಟೀಸ್ ಆಫ್ ಮ್ಯಾನೇಜ್‌ಮೆಂಟ್' ಗ್ರಂಥದಲ್ಲಿ ಗುರಿಗಳ ಮೂಲಕ ನಿರ್ವಹಣೆ ಎಂಬ ವಿಚಾರವನ್ನು ಮಂಡಿಸಿದರು. ಅದರ ಜೊತೆಗೇ ಅವರು ಸ್ವನಿಯಂತ್ರಣ ಎಂಬ ಮಾತನ್ನೂ ಜೋಡಿಸಿದ್ದರು. ಹೊಣೆ ಹೊತ್ತವನು ಗುರಿಯನ್ನು ರೂಪಿಸುವಲ್ಲಿ ತಾನೂ ಪಾಲ್ಗೊಳ್ಳಬೇಕು. ಅಳತೆಯು ಅವನು ತನ್ನ ಕೆಲಸವನ್ನು ತಾನೇ ತಿದ್ದಿಕೊಳ್ಳಲು ನೆರವಾಗಬೇಕೇ ಹೊರತು ಮೇಲಿನವರ ಚಾವಟಿಯಾಗಬಾರದು ಎಂಬುದು ಅವರ ಆಶಯ. ನಾವು ಗುರಿಯನ್ನು ತಂದೆವು, ಸ್ವನಿಯಂತ್ರಣವನ್ನು ಅಲ್ಲಿಯೇ ಬಿಟ್ಟೆವು.

ಇದರ ಫಲವನ್ನು ಕುಟುಂಬ ಯೋಜನೆಯಲ್ಲಿ ದೇಶವೇ ಕಂಡಿದೆ. ಮೇಲಿನಿಂದ ಹೇರುತ್ತಿದ್ದ ಶಸ್ತ್ರಚಿಕಿತ್ಸೆಯ ಸಂಖ್ಯಾಗುರಿಗಳನ್ನು 1996ರಲ್ಲಿ ಕೇಂದ್ರ ಸರಕಾರ ಕೈಬಿಟ್ಟಿತು. ಆದರೂ ಹಳೆಯ ರೂಢಿ ಅಳಿಯಲಿಲ್ಲ. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಆ ದಿನಗಳ ಶಿಬಿರಗಳಿಗೆ ಹೋಗಿದ್ದವರಲ್ಲಿ 13 ಮಹಿಳೆಯರು ಅಸುನೀಗಿದರು. ಕೊಟ್ಟ ಔಷಧಿಯ ಗುಣಮಟ್ಟದ ಬಗೆಗೂ ಪ್ರಶ್ನೆಗಳೆದ್ದವು. ಆದರೆ ಅಷ್ಟು ಅವಸರ ಏತಕ್ಕೆ ಎಂಬ ಪ್ರಶ್ನೆ ಅದರಿಂದ ಮುಗಿಯುವುದಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಇಂತಹ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸುವಂತೆ ಸೂಚಿಸಿತು.

ಲೆಕ್ಕವೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಯಾವುದನ್ನು ಎಣಿಸುತ್ತೇವೆ ಎಂಬುದು ಮುಖ್ಯ. ರಕ್ತದೊತ್ತಡದ ವಿಷಯವನ್ನೇ ನೋಡೋಣ. ಎಷ್ಟು ಜನರ ತೋಳಿಗೆ ಪಟ್ಟಿ ಕಟ್ಟಿದೆವು ಎಂದು ಎಣಿಸುವುದು ಸುಲಭ. ಅವರಲ್ಲಿ ಎಷ್ಟು ಜನ ಮಾತ್ರೆ ಮುಂದುವರಿಸಿದರು, ಎಷ್ಟು ಜನರ ಒತ್ತಡ 140/90ಕ್ಕಿಂತ ಕೆಳಗಿಳಿಯಿತು ಎಂದು ಎಣಿಸುವುದು ಕಷ್ಟ. ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮವು ಈ ಕಷ್ಟದ ಲೆಕ್ಕವನ್ನೇ ಹಿಡಿದಿದೆ. ಪಾರ್ಶ್ವವಾಯುವಿನಿಂದ ಮನುಷ್ಯನನ್ನು ಉಳಿಸುವುದು ಈ ಎರಡನೆಯ ಲೆಕ್ಕವೇ.

ಮಠದ ಭಕ್ತರಾದ ನಾವೂ ಈ ದೋಷಕ್ಕೆ ಹೊರತಲ್ಲ. ಜಾತ್ರೆ, ಪುಣ್ಯಸ್ಮರಣೆಗಳ ಸಂದರ್ಭದಲ್ಲಿ ಉಚಿತ ತಪಾಸಣಾ ಶಿಬಿರ ನಡೆಸಿ, ಇಷ್ಟು ಸಾವಿರ ಜನ ಬಂದರೆಂದು ವೇದಿಕೆಯಲ್ಲಿ ಹೆಮ್ಮೆಯಿಂದ ಸಾರುತ್ತೇವೆ. ಸಕ್ಕರೆ ಕಾಯಿಲೆ ಇದೆಯೆಂದು ಅಂದು ತಿಳಿದ ತಾಯಿ ಮರುತಿಂಗಳು ಆಸ್ಪತ್ರೆಗೆ ಹೋದಳೇ ಎಂದು ವಿಚಾರಿಸುವುದಿಲ್ಲ. ಕಲ್ಯಾಣದಲ್ಲಿ ಅಕ್ಕಿ ಆಯುವ ಕಾಯಕ ಮಾಡುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಶರಣೆ ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಿರುಗಿಸುವಂತೆ ಹೇಳಿದರು. ಪ್ರಮಾಣ ಹೆಚ್ಚಿದ ಮಾತ್ರಕ್ಕೆ ಕಾಯಕ ಹೆಚ್ಚಲಿಲ್ಲವೆಂಬುದು ಆ ತಾಯಿಯ ನಿಲುವು.

ಆದುದರಿಂದ ಶಿಬಿರ ಏರ್ಪಡಿಸುವ ಸೇವಾರ್ಥಿಗಳಲ್ಲಿ ನಮ್ಮದೊಂದು ವಿನಂತಿ. ಬಂದವರ ಸಂಖ್ಯೆ ಅರ್ಧವಾದರೂ ಸರಿಯೇ, ಕಾಯಿಲೆ ಕಂಡುಬಂದವರ ಹೆಸರು ಮತ್ತು ಊರನ್ನು ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳಿ. ಆ ಪಟ್ಟಿಯನ್ನು ಗುಟ್ಟಾಗಿ ಕಾಪಾಡಿ. ಮೂರು ತಿಂಗಳ ನಂತರ ಅವರ ಮನೆಗೆ ಹೋಗಿ, ಮಾತ್ರೆ ಸಿಗುತ್ತಿದೆಯೇ, ಆಸ್ಪತ್ರೆಗೆ ಹೋಗಲು ಬಸ್ಸಿನ ಖರ್ಚಿದೆಯೇ, ಕೂಲಿ ತಪ್ಪುವ ಭಯವಿದೆಯೇ ಎಂದು ಕೇಳಿ. ಮುಂದಿನ ವರ್ಷ ವೇದಿಕೆಯಲ್ಲಿ ಆ ಉತ್ತರಗಳನ್ನು ಓದೋಣ.