ಬಾಡಿಗೆ ಮನೆಯ ನಿಜ ನಷ್ಟ ತೋರಿಸಿ, ಸುಳ್ಳು ನಷ್ಟಕ್ಕೆ ಸಹಿ ಹಾಕಬೇಡಿ

ಐಟಿ ರಿಟರ್ನ್ ತುಂಬುವ ದಿನಗಳಲ್ಲಿ ಯಾರಾದರೂ, 'ಸರ್, ಬಾಡಿಗಿ ಮನಿ ಲಾಸ್ ಐತಿ ಅಂತ ತೋರಸೋಣ, ರಿಫಂಡ್ ಬರ್ತೈತಿ' ಅಂದರೆ ಕೂಡಲೇ ಹೂಂ ಅನ್ನಬೇಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನೌಕರರಿಗೆ ನಾವು ಹೇಳುವುದು ಇಷ್ಟೇ: ಮೊದಲು ಲೆಕ್ಕ ನೋಡಿ.

ಮಾಸ್ತರರೊಬ್ಬರು ಸಾಲ ಮಾಡಿ ಇಂಡಿಯಲ್ಲಿ ಮನೆ ಕಟ್ಟಿದರು, ಮುದ್ದೇಬಿಹಾಳಕ್ಕೆ ವರ್ಗವಾಯಿತು, ಮನೆ ಬಾಡಿಗೆಗೆ ಕೊಟ್ಟರು ಎಂದುಕೊಳ್ಳೋಣ. ತಿಂಗಳಿಗೆ 6,000ದಂತೆ ವರ್ಷಕ್ಕೆ 72,000 ರೂಪಾಯಿ. ಕಟ್ಟಿದ ಮನೆ ತೆರಿಗೆ 2,000 ಕಳೆದರೆ 70,000. ರಿಪೇರಿ ಇತ್ಯಾದಿಗೆಂದು ಕಾನೂನೇ ಶೇ 30 ಬಿಡುತ್ತದೆ, ಉಳಿಯುವುದು 49,000. ಸಾಲದ ಬಡ್ಡಿ 1,80,000 ಇದ್ದರೆ ನಷ್ಟ 1,31,000. ಇಲ್ಲಿ ಲೆಕ್ಕಕ್ಕೆ ಬರುವುದು ಬಡ್ಡಿ ಮಾತ್ರ, ಇಡೀ ಕಂತು ಅಲ್ಲ.

ಹಳೆಯ ಪದ್ಧತಿಯಲ್ಲಿ ಈ ನಷ್ಟವನ್ನು ಸಂಬಳದಲ್ಲಿ ಕಳೆಯಬಹುದು. 2017ರ ಬಜೆಟ್‌ನಿಂದ ಅದಕ್ಕೆ ವರ್ಷಕ್ಕೆ 2 ಲಕ್ಷದ ಮಿತಿ ಇದೆ. ಮಿಕ್ಕಿದ್ದನ್ನು ಮುಂದಿನ 8 ವರ್ಷ ಮನೆ ಆದಾಯದಲ್ಲಿ ಮಾತ್ರ ಕಳೆಯಬಹುದು. 2023-24ರಿಂದ ನಾವು ಬೇರೆ ಕೇಳದಿದ್ದರೆ ಹೊಸ ಪದ್ಧತಿಯೇ ಅನ್ವಯ. ಅದರಲ್ಲಿ ಮನೆ ನಷ್ಟವನ್ನು ಸಂಬಳದಲ್ಲಿ ಕಳೆಯುವಂತಿಲ್ಲ. ಇನ್ನೊಂದು ಮನೆ ಅಥವಾ ಮಳಿಗೆಯ ಬಾಡಿಗೆ ಆದಾಯ ಇದ್ದರೆ ಅದರಲ್ಲಿ ಕಳೆಯಬಹುದು.

ಹಾಗಾದರೆ ಮಾಸ್ತರರಿಗೆ ಅನ್ಯಾಯವಾಯಿತೇ? ಸಂಬಳ 10 ಲಕ್ಷ ಎನ್ನಿ. 2025-26ರ ಆದಾಯಕ್ಕೆ ಹಳೆಯ ಪದ್ಧತಿಯಲ್ಲಿ ಈ ನಷ್ಟ ತೋರಿಸಿ, ಸಾಲದ ಅಸಲು, ಕೆಜಿಐಡಿ, ಎಲ್‌ಐಸಿ ಸೇರಿ ಒಂದೂವರೆ ಲಕ್ಷ ಕಳೆದರೂ ಸುಮಾರು 48 ಸಾವಿರ ತೆರಿಗೆ ಬರುತ್ತದೆ. ಹೊಸದರಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೇ ಇಲ್ಲ. ಸಂಬಳವೂ ಬಡ್ಡಿಯೂ ದೊಡ್ಡದಿದ್ದವರಿಗೆ ಹಳೆಯದೇ ಲಾಭವಾಗಬಹುದು. ಅದಕ್ಕೇ ಎರಡೂ ಲೆಕ್ಕ ಹಾಕಿ ನೋಡಬೇಕು.

ಇಷ್ಟು ಗೊತ್ತಿಲ್ಲದವರೇ ಕಮಿಷನ್ ಏಜೆಂಟರ ಮಾತಿಗೆ ಸಿಕ್ಕಿಬೀಳುತ್ತಾರೆ. ಇಲ್ಲದ ಸಾಲ, ಇಲ್ಲದ ಬಡ್ಡಿ ಬರೆದು ರಿಫಂಡ್ ತರುವ ದಾರಿ ಅಪಾಯದ್ದು. ಸುಳ್ಳು ವಿನಾಯಿತಿಗಳ ವಿರುದ್ಧ ಆದಾಯ ತೆರಿಗೆ ಇಲಾಖೆ 2025ರ ಜುಲೈ 14ರಂದು ದೇಶದ 150 ಕಡೆ ಪರಿಶೀಲನೆ ನಡೆಸಿತು. ಸುಳ್ಳು ಬರೆದವನು ಕಮಿಷನ್ ತೆಗೆದುಕೊಂಡು ಹೋಗುತ್ತಾನೆ. ನೋಟಿಸ್ ಬರುವುದು ಪ್ಯಾನ್ ಯಾರದ್ದೋ ಅವರಿಗೆ. ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು.

ತಪ್ಪು ನೌಕರರದ್ದೊಂದೇ ಅಲ್ಲ ಎಂಬುದೂ ನಮ್ಮ ಮಾತು. ಪದ್ಧತಿ ಬದಲಾಯಿಸಿದ ಸರ್ಕಾರ ಅದನ್ನು ಹಳ್ಳಿ ಶಾಲೆಯ ಮಾಸ್ತರರಿಗೆ, ಬಸ್ ಕಂಡಕ್ಟರರಿಗೆ ಕನ್ನಡದಲ್ಲಿ ತಿಳಿಸಬೇಕು. ಸಂಬಳ ಬಟವಾಡೆ ಮಾಡುವ ಕಚೇರಿ ಫಾರ್ಮ್ 16 ಕೊಡುವಾಗ ಎರಡೂ ಪದ್ಧತಿಯ ಲೆಕ್ಕದ ಒಂದು ಹಾಳೆ ಕೊಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಅಲ್ಲಿಯತನಕ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಕೈಯಲ್ಲಿ ಪಡೆದ ಬಾಡಿಗೆಯೂ ಆದಾಯವೇ, ಅದನ್ನು ತೋರಿಸಿ. ಬ್ಯಾಂಕ್ ಅಥವಾ ಸೊಸೈಟಿಯಿಂದ ಬಡ್ಡಿ ಪತ್ರ ತನ್ನಿ, ಮನೆ ತೆರಿಗೆ ರಸೀದಿ ಜೋಡಿಸಿಡಿ. ಹಿಂದೆ ತಪ್ಪು ತುಂಬಿದ್ದರೆ ನೋಟಿಸ್ ಬರುವ ಮೊದಲೇ ಪರಿಷ್ಕೃತ ರಿಟರ್ನ್ ಸಲ್ಲಿಸಿ. ಹೆಚ್ಚುವರಿ ತೆರಿಗೆ ಕಟ್ಟಿ ಸರಿಪಡಿಸಲು ಈಗ ನಾಲ್ಕು ವರ್ಷ ಅವಕಾಶವಿದೆ. ಯಾರೇ ತುಂಬಿಕೊಟ್ಟರೂ ಓದದೆ ಒಟಿಪಿ ಹೇಳಬೇಡಿ. ಆ ಒಟಿಪಿಯೇ ನಿಮ್ಮ ಸಹಿ.