ಒಂದು ರೂಪಾಯಿಗೆ ಎಂಬತ್ತು

ಬೀದರ್, ಕಲಬುರಗಿ ಕಡೆಯ ಪತ್ರಿಕೆಗಳ ಒಳಪುಟ ಓದುವವರಿಗೆ ಒಂದು ಬಗೆಯ ಸುದ್ದಿ ಬಾಯಿಪಾಠವಾಗಿರುತ್ತದೆ. ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುತ್ತೇನೆಂದು ಹೇಳಿ ಮಟಕಾ ಚೀಟಿ ಬರೆದುಕೊಳ್ಳುತ್ತಿದ್ದವನ ಮೇಲೆ ಪ್ರಕರಣ ದಾಖಲು. ಊರು ಬದಲಾಗುತ್ತದೆ, ವಶಪಡಿಸಿಕೊಂಡ ಹಣ ಬದಲಾಗುತ್ತದೆ, ಆ ಒಂದಕ್ಕೆ ಎಂಬತ್ತು ಮಾತ್ರ ಹಾಗೇ ಉಳಿಯುತ್ತದೆ. ಜೊತೆಗೆ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 78(3).

ಈ ಸುದ್ದಿಯಲ್ಲಿ ಯಾರೂ ಗಮನಿಸದ ಒಂದು ಸಂಗತಿಯಿದೆ. ಮೋಸದ ಪ್ರಮಾಣ ಎಷ್ಟು ಎಂಬುದು ಅದರಲ್ಲೇ ಅಚ್ಚಾಗಿರುತ್ತದೆ! 00ರಿಂದ 99ರವರೆಗೆ ನೂರು ಜೋಡಿ. ಬೀಳುವುದು ಒಂದು. ಕೊಡುವುದು 80. ಉಳಿದ 20 ಆಡಿಸುವವನದು. ಐದನೇ ತರಗತಿಯ ಹುಡುಗನೂ ಇದನ್ನು ಬಿಡಿಸಬಲ್ಲ.

ನಾನು ನೌಬಾದದಲ್ಲಿ ಗಣಿತದ ಪಾಠ ಹೇಳುವವನು. ನನ್ನ ಬಳಿ ಬರುವ ಡಿಗ್ರಿ ಹುಡುಗರಿಗೆ ಮಟಕಾ ಎಂದರೆ ತಾತ್ಸಾರ. “ಮಟಕಾ ಆಡೋರು ಹುಚ್ಚರು ಸರ. ಫಿಕ್ಸ್ ರೇಟ್ ಅದ, ಎಂದೂ ಫಾಯದಾ ಆಗಂಗಿಲ್ಲ. ಜಾಕ್‌ಪಾಟ್ ಹಂಗಲ್ಲ, ಬೆಳಕೋತ ಹೋಗ್ತದ. ಒಂದ್ ಹಂತ ದಾಟಿದ ಮ್ಯಾಲ ಲೆಕ್ಕ ನಮ್ ಕಡಿ ಬರ್ತದ.” ಅವರು ಉದಾಹರಣೆ ಕೊಡುವುದು ಕ್ಯಾಸಿನೊಗಳ ವಿಡಿಯೊ ಪೋಕರ್ ಯಂತ್ರದ್ದು. ಇವರಲ್ಲಿ ಒಬ್ಬನೂ ಆ ಯಂತ್ರವನ್ನು ಕಣ್ಣಿಂದ ಕಂಡಿಲ್ಲ. ಮೊಬೈಲಿನಲ್ಲಿ ಕಂಡದ್ದೇ ಸಾಕಾಗಿದೆ.

ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ಆದ್ದರಿಂದಲೇ ಅದು ಅಪಾಯಕಾರಿ. ಈ ಯಂತ್ರ ಐದು ಇಸ್ಪೀಟು ಎಲೆ ಕೊಡುತ್ತದೆ, ಬೇಡವಾದವನ್ನು ಒಮ್ಮೆ ಬದಲಿಸಬಹುದು. ಯಾವ ಜೋಡಣೆಗೆ ಎಷ್ಟು ಎಂಬ ಪಟ್ಟಿ ಯಂತ್ರದ ಮೇಲೇ ಇರುತ್ತದೆ. ಮೂರು ಒಂದೇ ಅಂಕಿ, ಎರಡು ಇನ್ನೊಂದೇ ಅಂಕಿ ಬಂದರೆ ಫುಲ್ ಹೌಸ್, ಐದೂ ಒಂದೇ ಜಾತಿಯಾದರೆ ಫ್ಲಶ್. ಒಳ್ಳೆಯ ಯಂತ್ರದಲ್ಲಿ ಇವಕ್ಕೆ ಒಂದಕ್ಕೆ 9 ಮತ್ತು 6. ತಪ್ಪಿಲ್ಲದೆ ಆಡಿದರೆ ನೂರಕ್ಕೆ 99.54 ವಾಪಸ್. ಜಾಕ್‌ಪಾಟ್ ಬೆಳೆಯುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಈ ದರವನ್ನು 8 ಮತ್ತು 5ಕ್ಕೆ ಇಳಿಸಿರುತ್ತಾರೆ. ಅಷ್ಟಕ್ಕೇ ವಾಪಸಾತಿ 97.30ಕ್ಕೆ ಬೀಳುತ್ತದೆ. ಮೇಲೆ ಕೆಂಪು ಅಂಕಿಯಲ್ಲಿ ಕ್ಷಣಕ್ಷಣಕ್ಕೂ ಬೆಳೆಯುವ ಹಣ ಆಡುವವರ ಹಣದಿಂದಲೇ ಕತ್ತರಿಸಿದ್ದು. ಹತ್ತು ನಿಮಿಷಕ್ಕೊಮ್ಮೆ ಹತ್ತಾರು ಜನರಿಗೆ ಸಿಗಬೇಕಾಗಿದ್ದ ಚಿಲ್ಲರೆಯನ್ನು ಕಿತ್ತು, ಎಂದೋ ಒಬ್ಬನಿಗೆ ಕೊಡಲು ಕೂಡಿಟ್ಟಿರುತ್ತಾರೆ.

ನಮ್ಮೂರಿನ ನೆಲದಡಿ ಬಹಮನಿಗಳ ಕಾಲದ ಕರೇಜ್ ಇದೆ. ಹನಿಹನಿ ನೀರು ಸುರಂಗದಲ್ಲಿ ಕೂಡುತ್ತದೆ, ಆದರೆ ದಾರಿಯುದ್ದಕ್ಕೂ ಬಾವಿಬಾಯಿಗಳಿವೆ, ಅಲ್ಲಲ್ಲೇ ಸೇದಿಕೊಳ್ಳಬಹುದು. ಆ ಬಾಯಿಗಳನ್ನೆಲ್ಲ ಮುಚ್ಚಿ ನೀರನ್ನು ಒಂದೇ ಮನೆಯ ಹೊಂಡಕ್ಕೆ ಬಿಟ್ಟರೆ ಅದು ಜಾಕ್‌ಪಾಟ್.

ಈಗ ಆ ‘ಹಂತ’ದ ಮಾತು. ಜಾಕ್‌ಪಾಟ್ ಸಿಗುವುದು ರಾಯಲ್ ಫ್ಲಶ್‌ಗೆ, ಅಂದರೆ ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತಕ್ಕೆ. ಅದು ಸರಾಸರಿ 40,000 ಆಟಕ್ಕೆ ಒಮ್ಮೆ. ಜಾಕ್‌ಪಾಟಿಲ್ಲದ ಯಂತ್ರದಲ್ಲಿ ಐದು ನಾಣ್ಯ ಹಾಕಿದವನಿಗೆ ಅದರ ಬೆಲೆ 4,000 ನಾಣ್ಯ. 8-5ರ ಯಂತ್ರದಲ್ಲಿ ಜಾಕ್‌ಪಾಟು 8,700 ನಾಣ್ಯದ ಆಸುಪಾಸಿಗೆ ಬೆಳೆದಾಗ ಲೆಕ್ಕ ಸರಿಸಮ, ಆ ಮೇಲೆ ಆಡುವವನ ಕಡೆ. ಕಾಗದದ ಮೇಲೆ ಇದು ಸರಿ. ನಾಣ್ಯಕ್ಕೆ ಹತ್ತು ರೂಪಾಯಿ ಎಂದುಕೊಳ್ಳಿ, ಒಂದು ಆಟಕ್ಕೆ 50. 40,000 ಆಟಕ್ಕೆ 20 ಲಕ್ಷ ರೂಪಾಯಿ ಯಂತ್ರದೊಳಗೆ ತಿರುಗಬೇಕು. ರಾಯಲ್ ಬರುವತನಕ ನೂರಕ್ಕೆ ಸುಮಾರು ಐದು ಸೋರುತ್ತಲೇ ಇರುತ್ತದೆ, ಒಟ್ಟು ಲಕ್ಷದಷ್ಟು. ಇನ್ನೊಂದು ಮಾತು ನನ್ನ ಹುಡುಗರಿಗೆ ರುಚಿಸುವುದಿಲ್ಲ: 40,000ಕ್ಕೊಮ್ಮೆ ಬರುವುದನ್ನು 40,000 ಸಲ ಕಾದರೂ ನೂರು ಜನರಲ್ಲಿ 37 ಮಂದಿಗೆ ಅದು ಬರುವುದೇ ಇಲ್ಲ. ಸರಾಸರಿ ಎಂಬುದು ಪುಸ್ತಕದಲ್ಲಿರುತ್ತದೆ. ಫೀಸಿನ ಹಣ ಜೇಬಿನಲ್ಲಿರುತ್ತದೆ, ಅದು ಮೊದಲು ಮುಗಿಯುತ್ತದೆ. ಲೆಕ್ಕ ತನ್ನ ಕಡೆ ಬರುವತನಕ ಕಾಯಬಲ್ಲವನು ಆಗಲೇ ಶ್ರೀಮಂತ.

ನಿಗದಿ ದರದಲ್ಲಿ ಆಡಿಸುವವನಿಗೂ ಒಂದಿಷ್ಟು ಎದೆ ಢವಢವ ಎನ್ನುತ್ತದೆ, ಎಲ್ಲರೂ ಕಟ್ಟಿದ ಅಂಕಿಯೇ ಬಿದ್ದರೆ ಆ ದಿನ ಅವನೇ ಮುಳುಗಬಹುದು. ಬೆಳೆಯುವ ಜಾಕ್‌ಪಾಟಿನಲ್ಲಿ ಮಾಲೀಕನಿಗೆ ಆ ಭಯ ಕಮ್ಮಿ. ಗೆದ್ದವನಿಗೆ ಕೊಡುವ ಬಹುಪಾಲು ಹಣ ಸೋತವರಿಂದ ಮೊದಲೇ ವಸೂಲಾಗಿರುತ್ತದೆ. ಹೀಗಿದ್ದೂ ನಾವು ಮೂರ್ಖನೆಂದು ನಗುವುದು ಮಟಕಾ ಆಡುವ ಹಮಾಲಿಯನ್ನು ನೋಡಿ, ಜಾಣನೆಂದು ಬೆನ್ನು ತಟ್ಟುವುದು ಜಾಕ್‌ಪಾಟಿನ ಬೆನ್ನು ಹತ್ತಿದವನನ್ನು.

ಕಾನೂನಿನ ಕಣ್ಣೂ ಇಷ್ಟೇ ಓರೆ. ಕರ್ನಾಟಕ 2007ರಲ್ಲಿ ಲಾಟರಿ ನಿಷೇಧಿಸಿತು, ಒಳ್ಳೆಯದಾಯಿತು. 2021ರಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ತಡೆಯಲು ಪೊಲೀಸ್ ಕಾಯ್ದೆ ತಿದ್ದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಚೀಟಿ ಬರೆಯುವವನು ಠಾಣೆಯಲ್ಲಿ ಕೂತಿದ್ದಾಗ ಡ್ರೀಮ್ ಇಲೆವೆನ್ ಭಾರತ ತಂಡದ ಅಂಗಿಯ ಮೇಲಿತ್ತು. ಅಲ್ಲಿಯೂ ಇದೇ ಉಪಾಯ: ಲಕ್ಷಾಂತರ ಜನರ ಪ್ರವೇಶ ಶುಲ್ಕ, ತುದಿಯಲ್ಲಿ ಒಂದು ದೊಡ್ಡ ಬಹುಮಾನ. ಇದನ್ನು ಕೌಶಲದ ಆಟವೆಂದು ಕೋರ್ಟುಗಳು ಒಪ್ಪಿದ್ದವು. ಕೌಶಲ ಇರಬಹುದು, ವಿಡಿಯೊ ಪೋಕರಿನಲ್ಲೂ ಇದೆ. ಕೌಶಲ ಇದ್ದಮಾತ್ರಕ್ಕೆ ಸೋತವನ ಹಣ ಕಡಿಮೆ ಹೋಗುವುದಿಲ್ಲ. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು.

ಆದರೆ ತಲೆಯೊಳಗಿನ ಜಾಕ್‌ಪಾಟನ್ನು ಯಾವ ಕಾಯ್ದೆಯೂ ತೆಗೆಯಲಾರದು. 2024ರ ಅಕ್ಟೋಬರಿನಲ್ಲಿ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಕೇರಳದ ಓಣಂ ಬಂಪರ್ 25 ಕೋಟಿ ಬಂದಾಗ ಎಲ್ಲ ಪತ್ರಿಕೆಗಳಲ್ಲೂ ಅವರ ನಗುಮುಖ. ಅವರಿಗೆ ಒಳ್ಳೆಯದಾಗಲಿ. ಮಾರಾಟವಾದದ್ದು 500 ರೂಪಾಯಿಯ 70 ಲಕ್ಷಕ್ಕೂ ಹೆಚ್ಚು ಟಿಕೆಟು. ಮೊದಲ ಬಹುಮಾನ ಹೊತ್ತದ್ದು ಒಂದೇ. ಸಣ್ಣಪುಟ್ಟ ಬಹುಮಾನ ಬಂದವರನ್ನು ಕಳೆದರೂ ಉಳಿಯುವ ಲಕ್ಷಲಕ್ಷ ಮಂದಿಯ ಮುಖ ಯಾವ ಪುಟದಲ್ಲಿ ಹಿಡಿಸೀತು?

ಮಟಕಾ ಒಳ್ಳೆಯದೆಂದು ನಾನು ಹೇಳುತ್ತಿಲ್ಲ, ನಮ್ಮ ಓಣಿಗಳಲ್ಲಿ ಅದು ತಿಂದ ಸಂಸಾರಗಳು ಕಣ್ಣೆದುರೇ ಇವೆ. ನನ್ನ ತಕರಾರು ಇಷ್ಟು: ಅದರ ದರ ಕೇಳಿದರೆ ಬರೆಯುವವನು ಹೇಳುತ್ತಾನೆ, ಪೊಲೀಸರೂ ಪ್ರಕಟಣೆಯಲ್ಲಿ ಹಾಕುತ್ತಾರೆ. ಇನ್ನು ಮುಂದೆ ನನ್ನ ಯಾವ ಹುಡುಗ ಬೆಳೆಯುವ ಜಾಕ್‌ಪಾಟಿನ ಸುದ್ದಿ ಹೊತ್ತು ತಂದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಇಲ್ಲಿ ನೂರಕ್ಕೆ ಎಷ್ಟಪ್ಪ? ಕಳೆದ ವಾರ ಒಬ್ಬನಿಗೆ ಕೇಳಿದೆ. ಮೊಬೈಲು ತೆಗೆದು ಹುಡುಕುತ್ತ ಕೂತ, ಪಾಠದ ಹೊತ್ತು ಮುಗಿದರೂ ಅವನಿಗೆ ಅದು ಸಿಕ್ಕಿರಲಿಲ್ಲ.