ಹಿಮದ ಚಿತ್ರಕಥೆಯೂ ನಮ್ಮ ಬಾಲಿಕೆಯರೂ

ಬಾಲಿಕೆಯರು ಚಿತ್ರಕಥೆಗಳನ್ನೋದುವುದು ಯುಕ್ತವೋ ಅಯುಕ್ತವೋ ಎಂಬ ಪ್ರಶ್ನೆಯು ನಮ್ಮ ಮನೆಗಳಲ್ಲಿ ಆಗಾಗ್ಗೆ ಏಳುವುದುಂಟು. ಚಿತ್ರ ನೋಡುವುದು ಓದಲ್ಲವೆಂದು ತಂದೆಯವರು ಹೇಳುವರು. ಪಾಠವನ್ನು ಬಿಟ್ಟು ಇದೇಕೆಂದು ತಾಯಿಯವರು ಗದರಿಸುವರು. ಅದರಲ್ಲಿಯೂ ಹಿಮ ಸುರಿಯುವ ದೇಶದ ಕಥೆಯಾದರೆ, ಹಿಮವನ್ನೇ ಕಾಣದ ಚಾಮರಾಜನಗರ, ಗುಂಡ್ಲುಪೇಟೆಗಳ ಮಕ್ಕಳಿಗೆ ಅದರಿಂದ ಆಗತಕ್ಕ ಪ್ರಯೋಜನವೇನೆಂಬ ಆಕ್ಷೇಪಣೆಯೂ ಬರುವುದು. ಈ ವಿಷಯದಲ್ಲಿ ನಮಗೆ ತೋರಿದ ಅಭಿಪ್ರಾಯವನ್ನು ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರ ಮತ್ತು ಪೋಷಕರ ಮುಂದೆ ಇಡಬಯಸುತ್ತೇವೆ.

ಕನ್ನಡಿಗರಿಗೆ ಇಂಥ ಪುಸ್ತಕಗಳು ಹೊಸತಲ್ಲ. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸಿನ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಪಾಶ್ಚಾತ್ಯ ಮಕ್ಕಳ ಕಥೆಗಳು ಕನ್ನಡದಲ್ಲಿ ಚಿತ್ರಕಥೆಗಳಾಗಿ ಹೊರಟವು. ಮುಂದೆ ದೇಶದಲ್ಲೆಲ್ಲ ಹೆಸರಾದ ಅಮರ ಚಿತ್ರ ಕಥೆಯ ಮಾಲೆಗೆ ಇಂಥ ಹತ್ತು ಕಥೆಗಳೇ ಆರಂಭ. ಅವುಗಳಲ್ಲೊಂದು, ಗ್ರಿಮ್ ಸಹೋದರರು 1812ರಲ್ಲಿ ಜರ್ಮನಿಯಲ್ಲಿ ಅಚ್ಚುಹಾಕಿಸಿದ ಹಿಮಶ್ವೇತೆಯ ಕಥೆ. ಮೂಲ ಕಥೆಯು ನಡುಚಳಿಗಾಲದಲ್ಲಿ ಪ್ರಾರಂಭವಾಗುವುದು. ಕಿಟಕಿಯ ಬಳಿ ಹೊಲಿಯುತ್ತ ಕುಳಿತ ರಾಣಿಯ ಬೆರಳಿಗೆ ಸೂಜಿಯು ಚುಚ್ಚಿ, ಹಿಮದ ಮೇಲೆ ಮೂರು ಹನಿ ರಕ್ತ ಬೀಳುವುದು. ಆಗ ಆಕೆಯು ಹಿಮದಂತೆ ಬಿಳುಪೂ, ರಕ್ತದಂತೆ ಕೆಂಪೂ, ಕಿಟಕಿಯ ಕರಿಮರದ ಚೌಕಟ್ಟಿನಂತೆ ಕಪ್ಪೂ ಉಳ್ಳ ಮಗುವನ್ನು ಬಯಸುವಳು. ಆ ಕಾಲದ ಚಿತ್ರಕಥೆಗಳು ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಉಳಿದಿದ್ದರೆ ಹಳೆಯ ಕಾಗದವೆಂದು ಎಸೆಯದೆ ಮಕ್ಕಳ ಕೈಗೆ ಕೊಡತಕ್ಕದ್ದೆಂದು ನಮ್ಮ ಮತ.

ಏಕೆಂದರೆ, ಕಾಣದ ವಸ್ತುವನ್ನು ಕಾಣಿಸುವುದರಲ್ಲಿ ಚಿತ್ರಕ್ಕೆ ಸಮನಾದುದಿಲ್ಲ. ಹಿಮವೆಂದರೇನೆಂದು ಉಪಾಧ್ಯಾಯಿನಿಯು ಒಂದು ಗಂಟೆ ಹೇಳಿದರೂ ಆಗದ ಕೆಲಸವು ಒಂದು ಪುಟದಿಂದ ಆಗುವುದು. ಇಂಗ್ಲೆಂಡಿನ ರೇಮಂಡ್ ಬ್ರಿಗ್ಸ್ ಎಂಬವರು 1978ರಲ್ಲಿ ಪ್ರಕಟಿಸಿದ ‘ದಿ ಸ್ನೋಮ್ಯಾನ್’ ಎಂಬ ಪುಸ್ತಕದ ಕಥೆಯಲ್ಲಂತೂ ಮಾತೇ ಇಲ್ಲ. ಬಾಲಕನೊಬ್ಬನು ಮಾಡಿದ ಹಿಮದ ಮನುಷ್ಯನು ರಾತ್ರಿ ಜೀವ ತಳೆದು, ಬೆಳಗಾಗುವಷ್ಟರಲ್ಲಿ ಕರಗಿಹೋಗುವ ಕಥೆಯನ್ನು ಬರಿಯ ಚಿತ್ರಗಳಿಂದಲೇ ಹೇಳಿದೆ. ಅಕ್ಷರ ಬಾರದ ಅಜ್ಜಿಯೂ ಆರು ವರ್ಷದ ಮೊಮ್ಮಗಳೂ ಜೊತೆಯಾಗಿ ಕುಳಿತು ಓದಬಹುದಾದ ಪುಸ್ತಕವಿದು. ನಮ್ಮ ಹಳ್ಳಿಗಳಿಂದ ಬರುವ ಎಷ್ಟೋ ಬಾಲಿಕೆಯರು ತಮ್ಮ ಮನೆತನದಲ್ಲಿ ಓದು ಕಲಿತ ಮೊದಲಿನವರು. ಅಂಥವರ ಮನೆಗೆ ಇಂಥ ಪುಸ್ತಕವು ಎಷ್ಟು ದೊಡ್ಡ ಉಪಕಾರವೆಂಬುದನ್ನು ಪೋಷಕರು ಯೋಚಿಸಬೇಕು.

ಆದರೆ ಪುಸ್ತಕವನ್ನು ಕೊಟ್ಟಮಾತ್ರಕ್ಕೆ ಹಿರಿಯರ ಕೆಲಸವು ಮುಗಿಯಲಿಲ್ಲ. ಜೊತೆಯಲ್ಲಿ ಕುಳಿತು ಎರಡು ಸಂಗತಿಗಳನ್ನು ತಿಳಿಸಬೇಕು.

ಮೊದಲನೆಯದು ಹಿಮವೆಂಬ ಮಾತಿನ ವಿಷಯ. ಗುಂಡ್ಲುಪೇಟೆಯ ಮಗುವಿಗೆ ಈ ಮಾತು ಪುಸ್ತಕಕ್ಕಿಂತ ಮೊದಲೇ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಹೆಸರಿನಿಂದ ಪರಿಚಿತ. ಸುಮಾರು 1454 ಮೀಟರು ಎತ್ತರದ ಆ ಬೆಟ್ಟವನ್ನು ಮುಸುಕುವುದು ಮಂಜು. ಎಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ನೀರಹನಿಗಳು. ಚಿತ್ರಕಥೆಯಲ್ಲಿ ಸುರಿಯುವುದಾದರೋ ಮೋಡದಲ್ಲಿಯೇ ಹೆಪ್ಪುಗಟ್ಟಿ ಹರಳಾದ ನೀರು. ಹುಲ್ಲಿನ ತುದಿಯಲ್ಲಿ ಹೊಳೆಯುವ ಇಬ್ಬನಿಯು ಮತ್ತೊಂದು. ಈ ಮೂರನ್ನೂ ಬೇರ್ಪಡಿಸಿ ಹೇಳಿದ ದಿನ ಮಗುವು ಬೆಟ್ಟವನ್ನೂ ಪುಸ್ತಕವನ್ನೂ ಹೊಸ ಕಣ್ಣಿನಿಂದ ನೋಡುವುದು.

ಎರಡನೆಯದು ಇದಕ್ಕಿಂತ ಮುಖ್ಯವಾದುದು. ಹಿಮದಂತೆ ಬೆಳ್ಳಗಿರುವವಳೇ ಲೋಕಸುಂದರಿಯೆಂದು ಕನ್ನಡಿಯು ಹೇಳುವ ಕಥೆಯನ್ನು ನಮ್ಮ ಕಪ್ಪು ಮೈಬಣ್ಣದ ಹುಡುಗಿಯು ಓದಿದಾಗ ಅವಳ ಮನಸ್ಸಿನಲ್ಲಿ ಏನಾಗುವುದು? ಹೆಣ್ಣು ನೋಡಲು ಬಂದವರು ವಿದ್ಯೆಗಿಂತ ಮೊದಲು ಬಣ್ಣವನ್ನು ಕೇಳುವ ವಾಡಿಕೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಆ ಗಾಯದ ಮೇಲೆ ಕಥೆಯು ಉಪ್ಪು ಸವರಬಾರದು. ಆದಕಾರಣ ತಾಯಿಯು ಹೇಳಬೇಕು: ಹಿಮದ ನಾಡಿನ ರಾಣಿಯು ತನ್ನ ಕಿಟಕಿಯಿಂದ ಕಂಡದ್ದನ್ನು ಬಯಸಿದಳು, ಕರಿಮರದ ಕಪ್ಪನ್ನೂ ಅವಳು ಚೆಲುವೆಂದೇ ಎಣಿಸಿದಳು, ನಮ್ಮ ಕಿಟಕಿಯಿಂದ ಕಾಣುವುದು ಕರಿಯ ಎರೆಮಣ್ಣು, ನಮ್ಮ ಅನ್ನ ಬರುವುದು ಅದರಿಂದ. ಅಮರ ಚಿತ್ರ ಕಥೆಯಲ್ಲಿ ಆ ಹತ್ತು ಕಥೆಗಳ ತರುವಾಯ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಕೈಯಿಂದ ಬಂದ ಹನ್ನೊಂದನೆಯದು ‘ಕೃಷ್ಣ’. ಆ ಹೆಸರಿಗೆ ಕಪ್ಪೆಂದೇ ಅರ್ಥ. ಇನ್ನೊಂದು ಮಾತು: ಅಡಿಗೆ, ಒಗೆತ, ಹೊಲಿಗೆಗಳನ್ನು ಮಾಡಿದರೆ ಮಾತ್ರ ಮನೆಯಲ್ಲಿರಬಹುದೆಂದು ಏಳು ಮಂದಿ ಕುಳ್ಳರು ಆ ಹುಡುಗಿಗೆ ಕರಾರು ಹಾಕುವರು. ಅದು ನ್ಯಾಯವೇ ಎಂದು ಮಗಳನ್ನು ಕೇಳಿ ನೋಡಿರಿ. ಅವಳ ಉತ್ತರದಿಂದ ನಮಗೂ ತಿಳುವಳಿಕೆಯುಂಟಾಗಬಹುದು.

ಇನ್ನು ನಮ್ಮದೇ ಚಳಿಗಾಲದ ಮಾತು. ಪರದೇಶದ ಚಳಿಯನ್ನು ಮಾತ್ರ ಚಿತ್ರದಲ್ಲಿ ಕಂಡ ಮಗುವು ತನ್ನ ಊರಿನಲ್ಲಿ ಬರೆಯತಕ್ಕದ್ದೇನೂ ಇಲ್ಲವೆಂದು ಭಾವಿಸಿಬಿಡುವುದು. ಇದು ನಿಜವಾದ ನಷ್ಟ. ಬೆಳಗಿನ ಮಂಜಿನಲ್ಲಿ ತರಗನ್ನೊಟ್ಟಿ ಬೆಂಕಿ ಕಾಯಿಸುವ ಮುದುಕರು, ಹಿತ್ತಲಲ್ಲಿ ಅವರೆಕಾಯಿ ಸುಲಿಯುವ ಹೆಂಗಸರು, ಕಣದಲ್ಲಿ ರಾಗಿಯ ಒಕ್ಕಣೆ, ಅರಿಸಿನ ಬೇಯಿಸುವ ಕೊಪ್ಪರಿಗೆಯ ಹೊಗೆ, ಸಂಕ್ರಾಂತಿಯ ಸಂಜೆ ಕಿಚ್ಚು ಹಾಯುವ ದನಗಳು, ಇವೆಲ್ಲ ಒಂದೊಂದು ಚಿತ್ರಕ್ಕೆ ಸಾಲುವುವು. ಬಂಡೀಪುರದ ಕಾಡಿನಂಚಿನ ಹಳ್ಳಿಗಳಲ್ಲಿ ಆನೆ ಹಂದಿಗಳಿಂದ ಪೈರನ್ನುಳಿಸಲು ರೈತನು ಚಳಿಯಲ್ಲಿ ಇಡೀ ರಾತ್ರಿ ಅಟ್ಟಣೆಯ ಮೇಲೆ ಎಚ್ಚರವಾಗಿರುವನು. ಅಂಥವನ ಮಗಳು ಬೆಳಿಗ್ಗೆ ಪಾಠಶಾಲೆಗೆ ಬಂದು ನಮ್ಮ ಮುಂದೆ ಕುಳಿತಿರುವಳು. ಆ ರಾತ್ರಿಯ ಕಥೆಯನ್ನು ಅವಳಿಗಿಂತ ಚೆನ್ನಾಗಿ ಯಾರು ಬರೆಯಬಲ್ಲರು?

ಆದುದರಿಂದ ಪೋಷಕರಲ್ಲಿ ನಮ್ಮ ಬಿನ್ನಹವೇನೆಂದರೆ, ಚಿತ್ರಕಥೆಯನ್ನು ಕಸಿದುಕೊಳ್ಳಬೇಡಿರಿ. ಅದರೊಡನೆ ಗೆರೆಯಿಲ್ಲದ ನೋಟುಬುಕ್ಕೊಂದನ್ನೂ ಬಣ್ಣದ ಕಡ್ಡಿಗಳನ್ನೂ ಕೊಡಿಸಿರಿ. ಹಳೆಯ ವಿದ್ಯಾರ್ಥಿನಿಯರು ತಮ್ಮಲ್ಲುಳಿದ ಹಳೆಯ ಪುಸ್ತಕಗಳನ್ನು ಶಾಲೆಯ ಪುಸ್ತಕಭಂಡಾರಕ್ಕೆ ಕಳುಹಿಸಿದರೆ, ಕೊಂಡುಕೊಳ್ಳಲಾರದ ಮಕ್ಕಳಿಗೂ ಅವು ದೊರೆಯುವುವು. ನಮ್ಮ ಬಾಲಿಕೆಯರೇ ಬರೆದ ಈ ಸೀಮೆಯ ಚಳಿಗಾಲದ ಚಿತ್ರಕಥೆಯೊಂದು ಬೇಗನೆ ಆ ಭಂಡಾರವನ್ನು ಸೇರಲೆಂದು ಹಾರೈಸುತ್ತೇವೆ.